ಅಪ್ರಮೇಯಯ್ಯನವರನ್ನು ಯಾವ ಕಡೆ ಕೂರಿಸುವುದು

೨೦೧೮ರ ಅಕ್ಟೋಬರ್ ೬, ಶನಿವಾರ. ಬೆಳಗ್ಗೆ ಹತ್ತೂಕಾಲು. ಟೆಕ್ಸಸ್‌ನಲ್ಲಿ, ಡಲ್ಲಾಸ್ ಪಕ್ಕದ ಕಾಪೆಲ್‌ನಲ್ಲಿ ಗೀತಾ ಆಂಟಿಯ ಮನೆಯ ಗ್ಯಾರೇಜು. ಹೊರಗೆ ಮೋಡ, ಎಂಬತ್ತೆರಡು ಡಿಗ್ರಿ ಫ್ಯಾರನ್‌ಹೀಟ್. ದಸರೆಯ ಬೊಂಬೆಗಳ ಪೆಟ್ಟಿಗೆ ಇಳಿಸಿಕೊಡಲು ಬಂದಿದ್ದೆ. ಮುಚ್ಚಳ ತೆಗೆದೊಡನೆ ನುಸಿಗುಳಿಗೆ ಮತ್ತು ಅರಗಿನ ಬಣ್ಣ ಬೆರೆತ ವಾಸನೆ ಮೂಗಿಗೆ ಬಡಿಯಿತು. ಅದರ ಜೊತೆಗೇ ೨೦೧೪ರ ದಸರೆಯೂ ಎದ್ದು ಬಂತು. ಅವತ್ತು ಅರ್ಥವಾಗದ್ದು ಇವತ್ತಿಗೂ ಅರ್ಥವಾಗಿಲ್ಲ. ಆದ್ದರಿಂದ ಆ ವರ್ಷದ ಡೈರಿ ಪಕ್ಕದಲ್ಲಿಟ್ಟುಕೊಂಡು, ಆದದ್ದನ್ನು ಆದ ಹಾಗೆ ಬರೆಯುತ್ತಿದ್ದೇನೆ.

ಆಗ ನಾನು ಹತ್ತಿರದ ರಿಚರ್ಡ್‌ಸನ್‌ನಲ್ಲಿ ಎಂ.ಎಸ್. ಓದುತ್ತಿದ್ದೆ. ಕೊನೆಯ ಸೆಮಿಸ್ಟರ್. ಡೈರಿಯನ್ನು ಕನ್ನಡದಲ್ಲೇ ಬರೆಯುವ ಅಭ್ಯಾಸ ಹಾಸನದ ಹೈಸ್ಕೂಲಿನಿಂದ ಬಂದದ್ದು: ತಾರೀಖು, ಹವೆ, ಎಲ್ಲಿಗೆ ಹೋದೆ, ಯಾರು ಏನೆಂದರು. ನನ್ನ ಅಕ್ಷರ ದುಂಡಗಿದೆ ಎಂಬ ಸುದ್ದಿ ರೂಮ್‌ಮೇಟ್ ಮೂಲಕ ಗೀತಾ ಆಂಟಿಗೆ ಹೋಗಿತ್ತು. ಆಗಸ್ಟ್ ೧೭, ಭಾನುವಾರ, ಅವರ ಫೋನ್ ಬಂತು.

"ಸುಮಾ, ಈ ಸಲ ನಮ್ಮನೇಲಿ ಬೊಂಬೆಗೆ ಥೀಮ್ ಇಟ್ಕೊಂಡಿದೀನಿ. ಕನ್ನಡದಲ್ಲಿ ಚೀಟಿ ಬರ್ಕೊಡ್ಬೇಕು, ಬರ್ತೀಯಾ?"

"ಏನು ಥೀಮ್ ಆಂಟಿ?"

"ನಮ್ಮ ತಾತ!"

ಹಿಂದಿನ ವರ್ಷ ಡಲ್ಲಾಸ್‌ನ ಇನ್ನೊಂದು ಬದಿಯ ಅಲೆನ್ ಊರಿನ ಒಬ್ಬರು ಇಡೀ ವಿಮಾನ ನಿಲ್ದಾಣವನ್ನೇ ಬೊಂಬೆಗಳಲ್ಲಿ ಮಾಡಿ, ಊರಿನ ಕನ್ನಡಿಗರೆಲ್ಲ ಹೋಗಿ ನೋಡುವ ಹಾಗೆ ಮಾಡಿದ್ದರು. ಆಂಟಿ ಅದನ್ನು ಮೀರಿಸಬೇಕಿತ್ತು. ಅವರ ತಾಯಿಯ ತಂದೆ ಅಪ್ರಮೇಯಯ್ಯನವರು ಬ್ರಿಟಿಷರ ಕಾಲದಲ್ಲಿ, ತುಮಕೂರು ಕಡೆಯ ಒಂದು ತಾಲ್ಲೂಕಿನಿಂದ ಮೈಸೂರು ಸಂಸ್ಥಾನದ ಪ್ರಜಾಪ್ರತಿನಿಧಿ ಸಭೆಗೆ ಆರಿಸಿ ಹೋಗುತ್ತಿದ್ದವರು. ಸಭೆ ಸೇರುತ್ತಿದ್ದುದು ಮೈಸೂರಿನಲ್ಲಿ, ದಸರೆಯ ಹೊತ್ತಿಗೆ. ದಸರಾ ಬೊಂಬೆಗೆ ಇದಕ್ಕಿಂತ ಒಪ್ಪುವ ವಿಷಯ ಇನ್ನೇನಿದೆ ಎನ್ನುವುದು ಆಂಟಿಯ ವಾದ. ನನಗೂ ಹೌದೆನ್ನಿಸಿತು.

ಮಹಡಿಯ ಆಟದ ಕೋಣೆಯಲ್ಲಿ ಕೆಲಸ ಶುರುವಾಯಿತು. ನೀರಿನ ಬಾಟಲಿಯ ರಟ್ಟಿನ ಪೆಟ್ಟಿಗೆಗಳನ್ನು ಜೋಡಿಸಿ ಮೇಲೆ ಬಿಳಿ ಪಂಚೆ ಹೊದಿಸಿದರೆ ಮೆಟ್ಟಿಲು. ಅದರ ಕೆಳಗೆ ಮಡಚುವ ಮೇಜಿನ ಮೇಲೆ ಸಭಾಂಗಣ. ಚನ್ನಪಟ್ಟಣದ ಮರದ ಬೊಂಬೆಗಳಿಗೆ ಕಪ್ಪು ಕೋಟು ಬಳಿದು, ಸೀರೆ ಅಂಗಡಿಯ ಜರಿ ಪಟ್ಟಿ ಸುತ್ತಿ ಪೇಟ ಮಾಡಿದೆವು. ಕುರ್ಚಿಗಳನ್ನು ಜೋಡಿಸಿದ್ದು ಆಂಟಿಯ ಮಗಳು ಅನಿಕಾ, ಹನ್ನೊಂದು ವರ್ಷ. ಅವಳು ಟಿ.ವಿ.ಯಲ್ಲಿ ನೋಡಿದ ಹಾಗೆ ನಡುವೆ ದಾರಿ ಬಿಟ್ಟು, ಎದುರುಬದುರು ಎರಡು ಪಕ್ಷ ಮಾಡಿದಳು. ಆಮೇಲೆ ಅಪ್ರಮೇಯಯ್ಯನ ಬೊಂಬೆಯನ್ನು ಕೈಯಲ್ಲಿ ಹಿಡಿದುಕೊಂಡು ನಿಂತಳು.

"ವಿಚ್ ಸೈಡ್, ಅಮ್ಮಾ?"

ಆಂಟಿ ನನ್ನ ಮುಖ ನೋಡಿದರು. ನಾನು ಆಂಟಿಯ ಮುಖ ನೋಡಿದೆ.

"ಅವರು ಯಾವ ಪಾರ್ಟೀನೂ ಅಲ್ಲ ಕಣೇ. ಇಂಡಿಪೆಂಡೆಂಟು."

"ಬಟ್ ವಾಸ್ ಹಿ ಎ ಗುಡ್ ಗೈ ಆರ್ ಎ ಬ್ಯಾಡ್ ಗೈ?"

"ಸುಮಕ್ಕ ಕಂಡುಹಿಡೀತಾಳೆ," ಎಂದು ಆಂಟಿ ನನ್ನ ಕಡೆ ಕೈ ತೋರಿಸಿದರು. ಚೀಟಿ ಬರೆಯಲು ಬಂದವಳ ಕೆಲಸ ಅಲ್ಲಿಂದ ಬದಲಾಯಿತು.

ಡೈರಿಯ ಒಂದು ಪುಟಕ್ಕೆ ನಡುವೆ ಗೆರೆ ಎಳೆದೆ. ಒಂದು ಕಡೆ 'ಹಳೆಯದರ ಪರ', ಇನ್ನೊಂದು ಕಡೆ 'ಹೊಸದರ ಪರ'. ಮನೆಯವರು ಹೇಳಿದ್ದನ್ನೆಲ್ಲ ತುಂಬುತ್ತ ಹೋದೆ. ಶಾಲೆಗಳ ಹತ್ತಿರ ಕಾಫಿ ಕ್ಲಬ್ಬು ತೆರೆಯಬಾರದು ಎಂದು ಸಭೆಯಲ್ಲಿ ವಾದಿಸಿದರು. ಕಂದಾಯ ಏರಿಸಿದಾಗ ದಿವಾನರ ಎದುರೇ ಬೇಡವೆಂದರು. ಹೆಣ್ಣುಮಕ್ಕಳಿಗೆ ಇಂಗ್ಲಿಷ್ ಯಾಕೆ ಎಂದರು. ಸ್ವಂತ ಮಗಳಿಗೆ ಇಂಗ್ಲಿಷ್ ಪತ್ರಿಕೆ ಓದಲು ಕಲಿಸಿದರು. ಕಾಂಗ್ರೆಸ್ಸಿನ ಹುಡುಗರು ಬಾವುಟ ಹಾರಿಸಿದ್ದು ತಪ್ಪೆಂದರು. ಅವರನ್ನು ಪೊಲೀಸರು ಹಿಡಿದಾಗ ತಾವೇ ಹೋಗಿ ಜಾಮೀನು ನಿಂತರು. ಕೊನೆಗೆ ಚುನಾವಣೆಯಲ್ಲಿ ಕಾಂಗ್ರೆಸ್ಸಿನವರ ಎದುರೇ ನಿಂತು ಠೇವಣಿ ಕಳೆದುಕೊಂಡರು. ಒಂದೊಂದು ಸಂಗತಿಯೂ ಗೆರೆಯ ಮೇಲೇ ಬಂದು ಕೂರುತ್ತಿತ್ತು. ಮೂರನೆಯ ಕಾಲಮ್ಮು ಎಳೆದು 'ಗೊತ್ತಿಲ್ಲ' ಎಂದು ಬರೆದೆ. ಅದೇ ಎಲ್ಲಕ್ಕಿಂತ ಉದ್ದವಾಯಿತು.

ಆಗಸ್ಟ್ ೨೯, ಶುಕ್ರವಾರ, ಗಣೇಶನ ಹಬ್ಬ. ನೂರು ಡಿಗ್ರಿಗೆ ಸ್ವಲ್ಪ ಕಡಿಮೆ. ಊಟವಾದ ಮೇಲೆ ಕೆಳಗಿನ ಕೋಣೆಯಿಂದ ವಿಶಾಲಾಕ್ಷಮ್ಮಜ್ಜಿ ನನ್ನನ್ನು ಕರೆದರು. ಇವರು ಗೀತಾ ಆಂಟಿಯ ತಾಯಿ, ಅಪ್ರಮೇಯಯ್ಯನವರ ಮಗಳು. ಆಗ ಎಂಬತ್ತೊಂಬತ್ತು ವರ್ಷ. ಮಂಡಿ ನೋವಿನಿಂದ ಮಹಡಿ ಹತ್ತುತ್ತಿರಲಿಲ್ಲ.

"ಬಾಗ್ಲು ಹಾಕ್ಕೊಂಡು ಬಾರೇ," ಎಂದರು. "ಅವಳೇನೋ ಸೈಡು ಹುಡುಕ್ತಾಳೆ, ಹುಡುಕ್ಲಿ. ನಂಗೆ ಬೇಕಿರೋದು ಒಂದೇ. ಹೆಂಗಸರ ಹಕ್ಕಿನ ಕಾನೂನು ಬಂದಾಗ ನಮ್ಮಪ್ಪ ಸಭೇಲಿ ಏನಂದ್ರು?"

ಮೂವತ್ತರ ದಶಕದಲ್ಲಿ ಮೈಸೂರು ಸಂಸ್ಥಾನ ಹಿಂದೂ ಹೆಂಗಸರಿಗೆ, ವಿಧವೆಯರಿಗೆ ಮನೆಯ ಆಸ್ತಿಯಲ್ಲಿ ಹಕ್ಕು ಕೊಡುವ ಕಾನೂನು ತಂದಿತ್ತು. ಅದು ಮಸೂದೆಯಾಗಿದ್ದಾಗ ಈ ಸಭೆಯ ಮುಂದೆ ಬಂದಿತ್ತು. ಅಷ್ಟು ನನಗೆ ಗೊತ್ತಿತ್ತು. ಗೊತ್ತಿಲ್ಲದ್ದನ್ನು ಅಜ್ಜಿ ಹೇಳಿದರು.

ಅಪ್ರಮೇಯಯ್ಯನವರಿಗೆ ಒಬ್ಬಳು ತಂಗಿ, ನಾಗಮ್ಮ. ಗಂಡ ತೀರಿಹೋದ ಮೇಲೆ ಸಣ್ಣ ಮಗಳನ್ನು ಕಟ್ಟಿಕೊಂಡು ಅಣ್ಣನ ಮನೆಗೆ ಬಂದವಳು. ಆ ವರ್ಷದ ದಸರಾ ಅಧಿವೇಶನ ಮುಗಿಸಿ ಅಣ್ಣ ಊರಿಗೆ ಬಂದಾಗ ಬಾಗಿಲಲ್ಲಿ ಕಾಲಿಗೆ ನೀರು ಕೊಟ್ಟವಳು ಅವಳೇ.

"ನಂಗೆ ಏಳೋ ಎಂಟೋ. ಅಲ್ಲೇ ಕಂಬ ಹಿಡ್ಕೊಂಡು ನಿಂತಿದ್ದೆ. ಏನು ಹೇಳಿ ಬಂದೆ ಅಣ್ಣಯ್ಯಾ ಅಂತ ಅತ್ತೆ ಕೇಳಿದ್ಲು. ಅಪ್ಪ ಕಾಲು ತೊಳ್ಕೊಂಡು ಒಳಗೆ ಹೋದ್ರು. ಮಾರನೇ ದಿವ್ಸ ಅತ್ತೆ ಹಿತ್ತಲಲ್ಲಿ ಮೂರು ಕಲ್ಲಿಟ್ಟು ಬೇರೆ ಒಲೆ ಹಚ್ಚಿದ್ಲು. ಸಾಯೋತನಕ ಅಣ್ಣನ ಒಲೇಲಿ ಉಣ್ಲಿಲ್ಲ."

"ಮನೆಯಲ್ಲೇ ಇದ್ದುಕೊಂಡು?"

"ಹೂಂ. ಮಧ್ಯೆ ಓಡಾಡ್ತಿದ್ದೋಳು ನಾನೇ. ಅತ್ತೆ ಮಾಡಿದ ಗೊಜ್ಜು ಅಪ್ಪಂಗೆ, ಅಪ್ಪ ತಂದ ಹಣ್ಣು ಅತ್ತೆಗೆ. ಮಾತು ಮಾತ್ರ ಇಬ್ರೂ ಕಳಿಸ್ತಿರ್ಲಿಲ್ಲ."

ಆಮೇಲೆ ತಮ್ಮದೇ ಸಂಗತಿಗೆ ಬಂದರು. ಅಪ್ಪ ತೀರಿಕೊಂಡ ಮೇಲೆ ಅಜ್ಜಿಯ ಒಡಹುಟ್ಟಿದ ಅಣ್ಣ ಒಂದು ಕಾಗದ ತಂದರಂತೆ, ಆಸ್ತಿಯಲ್ಲಿ ನನಗೆ ಪಾಲು ಬೇಡ ಎಂದು ಬರೆದುಕೊಡುವ ಕಾಗದ.

"ಹೆಣ್ಮಕ್ಕಳಿಗೆ ಪಾಲು ಸಲ್ಲದು ಅಂತ ಅಪ್ಪ ಸಭೇಲೇ ಹೇಳಿದಾರೆ, ಅವರ ಮಾತು ನಡೆಸ್ಕೊಡು ಅಂದ ಅಣ್ಣ. ಅಪ್ಪನ ಮಾತು ಅಂದ್ಮೇಲೆ ಮುಗೀತಲ್ಲ. ಸೈನ್ ಹಾಕ್ದೆ."

"ಬೇಜಾರಿದೆಯಾ ಅಜ್ಜಿ?"

"ಆಸ್ತಿಗಲ್ವೇ ಹುಡುಗಿ. ಅಪ್ಪ ಹಾಗಂದಿದ್ರೆ ನಾನು ಮಾಡಿದ್ದು ಸರಿ. ಅನ್ನದೇ ಇದ್ದಿದ್ರೆ?"

ಅಷ್ಟರಲ್ಲಿ ಆಂಟಿ ಕಾಫಿ ತಂದರು. ಅಜ್ಜಿ ಗಣೇಶನ ಮಂಗಳಾರತಿಯ ವಿಷಯ ಎತ್ತಿದರು.

ಮಾರನೆಯ ದಿನ, ಆಗಸ್ಟ್ ೩೦, ಆಂಟಿ, ಅನಿಕಾ, ನಾನು ತಾತನ ಬಗ್ಗೆ ಕೇಳಿಕೊಂಡು ಬರಲು ಹ್ಯೂಸ್ಟನ್‌ಗೆ ಹೊರಟೆವು. ವಾರಾಂತ್ಯಕ್ಕೆ ಒಂದು ದಿನದ ರಜೆ ಸೇರಿದ್ದರಿಂದ ಹೆದ್ದಾರಿಯ ಉದ್ದಕ್ಕೂ ಕಾರುಗಳು. ನಾಲ್ಕು ಗಂಟೆಯ ದಾರಿ ಐದೂವರೆ ಆಯಿತು. ಊರು ಹತ್ತಿರವಾದಂತೆ ಆಕಾಶ ಕಪ್ಪಾಗಿ ಎದುರಿನ ಕಾರು ಕಾಣದಷ್ಟು ಮಳೆ ಹೊಡೆಯಿತು. ಅಲ್ಲಿ ರಘು ಅಂಕಲ್ ಮನೆ. ಅವರು ಡಾಕ್ಟರು, ಅಜ್ಜಿಯಿಂದ ಸೈನ್ ಹಾಕಿಸಿಕೊಂಡ ಆ ಅಣ್ಣನ ಮಗ. ತಂದೆ ತೀರಿಕೊಂಡು ಬಹಳ ವರ್ಷವಾಗಿತ್ತು. ಅಜ್ಜಿ ಹೇಳಿದ್ದನ್ನು ನಾನು ದಾರಿಯಲ್ಲಿ ಆಂಟಿಗೂ ಹೇಳಿರಲಿಲ್ಲ.

ಅಂಕಲ್ ಬಾಗಿಲಲ್ಲೇ ನಗುತ್ತಿದ್ದರು. "ಬನ್ನಿ ಬನ್ನಿ. ಕಾಫಿ ಬೇಡ ಅಂದ ಮಹಾನುಭಾವರ ಮೊಮ್ಮಗ, ನೋಡಿ, ಎರಡು ಕಾಫಿ ಮಷೀನ್ ಇಟ್ಕೊಂಡಿದೀನಿ!"

ಗೋಡೆಯ ಮೇಲೆ ಅಪ್ರಮೇಯಯ್ಯನವರ ಫೋಟೋ ಇತ್ತು. ಜರಿ ಪೇಟ, ಕತ್ತಿನವರೆಗೆ ಗುಂಡಿ ಹಾಕಿದ ಕೋಟು, ಗಂಟು ಹುಬ್ಬು. ಕ್ಯಾಮೆರಾದ ಮೇಲೂ ಆಕ್ಷೇಪಣೆ ಇದ್ದವರ ಹಾಗೆ ಕಂಡರು. ನಾನು ಮಸೂದೆಯ ವಿಷಯ ಕೇಳಿದೆ.

"ವಿರೋಧ ಮಾಡಿದ್ರು," ಎಂದರು ಅಂಕಲ್, ಒಂದು ಕ್ಷಣವೂ ಯೋಚಿಸದೆ. "ಹೆಣ್ಮಕ್ಕಳನ್ನ ನೋಡ್ಕೊಳ್ಳೋದು ಮನೆ ಧರ್ಮ, ಸರ್ಕಾರ ಅಡುಗೆಮನೆಗೆ ಕಾಲಿಡಕೂಡದು, ಅದು ಅವರ ಪಾಯಿಂಟು. ಈಗ ಈ ಟೆಕ್ಸಸ್ಸಲ್ಲಿ ನಿಂತಿದ್ರೆ ಠೇವಣಿ ಹೋಗ್ತಿರ್ಲಿಲ್ಲ ಬಿಡಿ, ಗವರ್ನರ್ ಆಗ್ಬಿಡ್ತಿದ್ರು!"

ಆ ವರ್ಷ ಇಲ್ಲಿ ಚುನಾವಣೆ. ಅವರ ಬೀದಿಯ ಹುಲ್ಲುಹಾಸುಗಳ ಮೇಲೆಲ್ಲ ಹೆಸರಿನ ಫಲಕಗಳು ಮಳೆಯಲ್ಲಿ ನೆನೆಯುತ್ತಿದ್ದವು. ಎಲ್ಲರೂ ನಕ್ಕೆವು. ನನಗೆ ಅಂಕಲ್ ಇಷ್ಟವಾದರು. ಅವರ ಮಾತಿನಲ್ಲಿ ಮುಚ್ಚುಮರೆ ಕಾಣಲಿಲ್ಲ. ಡೈರಿಯಲ್ಲಿ 'ವಿರುದ್ಧ' ಎಂದು ಬರೆದೆ. ಅಜ್ಜಿಗೆ ಇದು ಸಮಾಧಾನವೋ ಸಂಕಟವೋ ತಿಳಿಯಲಿಲ್ಲ. ಅವರು ಮಾಡಿದ್ದು ಸರಿಯಾಗುತ್ತಿತ್ತು, ನಿಜ. ಆದರೆ ಅಪ್ಪ ನಾಗಮ್ಮನ ಕೈಬಿಟ್ಟದ್ದೂ ನಿಜವಾಗಿಬಿಡುತ್ತಿತ್ತು.

ಸೆಪ್ಟೆಂಬರ್ ೧೩, ಶನಿವಾರ. ರಾತ್ರಿಯೆಲ್ಲ ತಂಪು ಗಾಳಿ ಬೀಸಿ, ಬೇಸಿಗೆ ಮುಗಿಯಿತೇನೋ ಎನ್ನಿಸಿದ ಮೊದಲ ಬೆಳಗು. ಡಲ್ಲಾಸ್‌ನಿಂದ ಬಸ್ಸು ಹಿಡಿದು ಒಬ್ಬಳೇ ಆಸ್ಟಿನ್‌ಗೆ ಹೋದೆ. ಸಭೆಯ ನಡವಳಿಗಳನ್ನು ಆ ಕಾಲದಲ್ಲೇ ಅಚ್ಚು ಹಾಕಿಸುತ್ತಿದ್ದರು. ಅಲ್ಲಿನ ಗ್ರಂಥಾಲಯವೊಂದರಲ್ಲಿ ಕೆಲವು ಸಂಪುಟಗಳಿವೆ ಎಂದು ತಿಳಿದಿತ್ತು. ಇದ್ದವು ಕೂಡ. ಹಾಳೆ ಮುಟ್ಟಿದರೆ ಅಂಚು ಉದುರುತ್ತಿತ್ತು. ಹಿಂದಿನ ಒಂದು ವರ್ಷದ ಸಂಪುಟದಲ್ಲಿ ಅಪ್ರಮೇಯಯ್ಯನವರು ಕೆರೆ ಹೂಳಿನ ಬಗ್ಗೆ ಎರಡು ಪುಟ ಮಾತಾಡಿದ್ದರು. ನಮಗೆ ಬೇಕಾದ ವರ್ಷದ್ದು ಮಾತ್ರ ಪೂರ್ತಿ ಇರಲಿಲ್ಲ, ಸಂಕ್ಷಿಪ್ತ ವರದಿ ಇತ್ತು. ಅದರಲ್ಲಿ ಆ ಮಸೂದೆಯನ್ನು ಕೆಲವರು ಒಪ್ಪಿದರು, ಕೆಲವರು ಆಕ್ಷೇಪಿಸಿದರು ಎಂಬಷ್ಟೇ ಇತ್ತು. ಹೆಸರುಗಳಿಲ್ಲ. ಆ ಪುಟವನ್ನು ಮೂರು ಸಲ ಓದಿದೆ.

ಆಸ್ಟಿನ್‌ನಲ್ಲಿ ಪ್ರಭಾ ಆಂಟಿ ಇದ್ದರು. ನಾಗಮ್ಮನ ಮೊಮ್ಮಗಳು, ಎಂಜಿನಿಯರ್. ಗ್ರಂಥಾಲಯದ ಮುಂದೆ ಕಾರಿನಲ್ಲಿ ಹತ್ತಿಸಿಕೊಂಡು ಮನೆಗೆ ಕರೆದೊಯ್ದು ಚಪಾತಿ, ಹುರುಳಿಕಾಯಿ ಪಲ್ಯ ಬಡಿಸಿದರು. ಇವರಿಂದ ಬೈಗುಳ ಕೇಳಲು ನಾನು ತಯಾರಾಗಿ ಬಂದಿದ್ದೆ. ತಯಾರಿ ವ್ಯರ್ಥವಾಯಿತು.

"ವಿರೋಧನಾ? ಯಾರು ಹೇಳಿದ್ದು? ಪರವಾಗಿ ಮಾತಾಡಿದ್ರು ಕಣಮ್ಮ. ನಮ್ಮಜ್ಜಿ ಸಾಯೋವರೆಗೂ ಹೇಳ್ತಿದ್ರು, ನಮ್ಮಣ್ಣ ದಿವಾನರ ಮುಂದೆ ಎದ್ದು ನಿಂತು ನನ್ನ ಪರ ಆಡಿದ ಅಂತ."

"ಹಾಗಾದರೆ ಬೇರೆ ಒಲೆ ಯಾಕೆ ಆಂಟಿ?"

"ಅದಕ್ಕೇ! ಅಲ್ಲಿ ಹೇಳಿದ್ದನ್ನ ಇಲ್ಲಿ ಮಾಡ್ಲಿಲ್ವಲ್ಲ. ಊರಿಗೆಲ್ಲ ಪಾಲು ಕೊಡಿಸ್ತೀನಿ ಅಂದೋರು ತಂಗಿಗೆ ಒಂದು ಗುಂಟೆ ಬರೀಲಿಲ್ಲ. ಬೇಡ ಅಂತ ಹೇಳಿ ಬಂದಿದ್ರೆ ಅಜ್ಜಿ ಸುಮ್ನಿರ್ತಿದ್ರು, ಅಣ್ಣ ಅಂಥವನೇ ಅಂತ."

"ಅವರಿಗೆ ಹೇಗೆ ಗೊತ್ತಾಯಿತು? ಅಣ್ಣ ಉತ್ತರವೇ ಕೊಡಲಿಲ್ಲವಂತೆ."

ಪ್ರಭಾ ಆಂಟಿ ಚಪಾತಿ ಮುರಿಯುವುದನ್ನು ನಿಲ್ಲಿಸಿದರು. "ಅದನ್ನ ನಾನು ಕೇಳಲೇ ಇಲ್ಲ," ಎಂದರು. "ನೀನೀಗ ಅನುಮಾನ ಹಾಕ್ಬಿಟ್ಯಲ್ಲೇ."

ವಾಪಸು ಬಸ್ಸಿನಲ್ಲಿ ಡೈರಿ ತೆರೆದು 'ಪರ' ಎಂದು ಬರೆದೆ. ಆಸ್ತಿ ಸಿಕ್ಕವರ ಮನೆಯಲ್ಲಿ ಅವರು ವಿರೋಧಿಸಿದರು. ಆಸ್ತಿ ಸಿಗದವರ ಮನೆಯಲ್ಲಿ ಅವರು ಬೆಂಬಲಿಸಿದರು. ಎರಡು ಮನೆಯವರಿಗೂ ತಮಗೆ ಬೇಕಾದದ್ದೇ ನೆನಪಿದೆಯೋ, ಇಲ್ಲ ಎರಡೂ ಕಡೆ ಇರಬಹುದಾದ ಮನುಷ್ಯರೇ ಅವರೋ? ಅವರು ಪರವಾಗಿ ಮಾತಾಡಿದ್ದರೆ ಅಜ್ಜಿಯ ಅಣ್ಣ ತಂಗಿಗೆ ಸುಳ್ಳು ಹೇಳಿ ಸೈನ್ ಹಾಕಿಸಿಕೊಂಡ ಹಾಗಾಯಿತು. ವಿರೋಧಿಸಿದ್ದರೆ ನಾಗಮ್ಮ ಸುಳ್ಳೊಂದನ್ನು ಕಟ್ಟಿಕೊಂಡು ಬದುಕಿದ ಹಾಗಾಯಿತು. ಡಲ್ಲಾಸ್‌ನ ದೀಪಗಳು ಕಾಣುವವರೆಗೂ ಒಂದನ್ನು ಹೊಡೆದುಹಾಕಲು ನೋಡಿದೆ, ಆಗಲಿಲ್ಲ.

ಮರುದಿನ ಕಾಪೆಲ್‌ಗೆ ಹೋಗಿ ಎರಡನ್ನೂ ಅಜ್ಜಿಗೆ ಹೇಳಿದೆ. ಪ್ರಭಾ ಹೇಳಿದ್ದನ್ನು ಅವರು ಎರಡು ಸಲ ಹೇಳಿಸಿಕೊಂಡರು. "ಅತ್ತೆ ಸುಳ್ಳು ಹೇಳೋಳಲ್ಲ," ಎಂದರು. ಆಮೇಲೆ, "ಅಣ್ಣನೂ ಅಲ್ಲ," ಎಂದರು. ಆಮೇಲೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತ ಕುಳಿತರು. ಒರೆಸಿದ್ದನ್ನೇ ಒರೆಸಿದರು.

ಸೆಪ್ಟೆಂಬರ್ ೨೪, ಬುಧವಾರ ಸಂಜೆ. ಮಾರನೆಯ ದಿನದಿಂದ ನವರಾತ್ರಿ. ಮಹಡಿಯಲ್ಲಿದ್ದ ಸಭಾಂಗಣವನ್ನು ಮೇಜಿನ ಸಮೇತ ಕೆಳಗಿನ ಹಾಲಿಗೆ ಇಳಿಸಿದೆವು. ಅಜ್ಜಿ ವಾಕರ್ ಹಿಡಿದು ಬಂದು ಮೊದಲ ಸಲ ಅದನ್ನು ನೋಡಿದರು. ನೋಡುತ್ತಿದ್ದ ಹಾಗೆ ನಗು ಬಂತು.

"ಇದೇನೇ ಗೀತಾ, ನಡುವೆ ಬೀದಿ ಬಿಟ್ಟಿದೀಯ?"

"ಎರಡು ಪಕ್ಷ ಅಮ್ಮಾ. ಇದು ದಿವಾನರ ಕಡೆ, ಇದು ಎದುರು ಕಡೆ."

"ನಮ್ಮಪ್ಪ ಹೋಗ್ತಿದ್ದ ಸಭೇಲಿ ಕಡೆ ಎಲ್ಲಿತ್ತು? ತಾಲ್ಲೂಕಿನ ಪ್ರಕಾರ ಕೂರ್ತಿದ್ರು ಅಂತ ಅವರೇ ಹೇಳ್ತಿದ್ರು. ತುಮಕೂರಿನೋರು ತುಮಕೂರಿನೋರ ಜೊತೆ. ಕೂತ ಜಾಗದಿಂದ ಏನೂ ಗೊತ್ತಾಗ್ತಿರ್ಲಿಲ್ಲ. ಎದ್ದು ಮಾತಾಡಿದ್ಮೇಲೇನೇ ಗೊತ್ತಾಗೋದು."

ಆಂಟಿ ಸೊಂಟದ ಮೇಲೆ ಕೈಯಿಟ್ಟರು. "ಅಮ್ಮಾ! ಮೊದ್ಲೇ ಹೇಳ್ಬಾರ್ದಾ? ಹ್ಯೂಸ್ಟನ್‌ಗೆ ಹೋಗ್ಬಂದ್ವಿ, ಈ ಹುಡುಗಿ ಆಸ್ಟಿನ್‌ಗೆ ಹೋಗ್ಬಂದ್ಲು!"

"ನೀನು ಕೇಳಿದ್ಯಾ? ಅವಳು ಹೋಗ್ಬರ್ಲಿ ಅಂತಾನೇ ಸುಮ್ನಿದ್ದೆ."

ಅಂತೂ ನಾವು ಇಷ್ಟು ದಿನ ಹುಡುಕಿದ 'ಕಡೆ' ಎಂಬುದು ಆ ಸಭೆಯಲ್ಲಿ ಇರಲೇ ಇಲ್ಲವೇನೋ. ಅಜ್ಜಿ ಹೇಳಿದ್ದು ಸರಿಯೋ, ಮಗುವಾಗಿದ್ದಾಗ ಕೇಳಿದ್ದು ಹೀಗೆ ಉಳಿದಿದೆಯೋ, ಅದನ್ನೂ ನಾನು ಖಚಿತಪಡಿಸಿಕೊಂಡಿಲ್ಲ. ಅನಿಕಾ ಮಾತ್ರ ತಕರಾರಿಲ್ಲದೆ ಕುರ್ಚಿಗಳನ್ನೆಲ್ಲ ಕಿತ್ತು ತಾಲ್ಲೂಕುವಾರು ಜೋಡಿಸಲು ಕೂತಳು. ಕೊನೆಯಲ್ಲಿ ಮತ್ತೆ ಆ ಒಂದು ಬೊಂಬೆ ಕೈಯಲ್ಲಿ ಉಳಿಯಿತು.

"ಅಜ್ಜಿ, ವೇರ್ ಡಸ್ ಹಿ ಸಿಟ್?"

"ಕೂರಿಸ್ಬೇಡ," ಎಂದರು ಅಜ್ಜಿ. "ನಿಲ್ಸು. ಮಾತಾಡಕ್ಕೆ ಎದ್ದಿದಾರೆ."

ಚೀಟಿಯಲ್ಲಿ ಏನು ಬರೆಯಲಿ ಎಂದು ಕೇಳಿದೆ. ಹೆಸರು ಬರಿ, ತಾಲ್ಲೂಕು ಬರಿ, ಸಾಕು ಎಂದರು. ಹಾಗೇ ಬರೆದೆ.

ಶನಿವಾರ, ಸೆಪ್ಟೆಂಬರ್ ೨೭, ಜನ ಬಂದರು. ಬಾಗಿಲ ಮುಂದೆ ಚಪ್ಪಲಿಗಳ ಗುಡ್ಡೆ, ಒಳಗೆ ಕೋಸಂಬರಿ, ಹಾಡು, ರೇಷ್ಮೆ ಸೀರೆಯ ಸರಬರ. ಅಲೆನ್‌ನವರೂ ಬಂದು, ಚೆನ್ನಾಗಿದೆ ಎಂದರು, ಸ್ವಲ್ಪ ನಿಧಾನವಾಗಿ. ಸಂಜೆ ಆರರ ಹೊತ್ತಿಗೆ ರಘು ಅಂಕಲ್ ಹ್ಯೂಸ್ಟನ್‌ನಿಂದ ಬಂದರು. ನೇರವಾಗಿ ಬೊಂಬೆಗಳ ಮುಂದೆ ಹೋಗಿ ಬಗ್ಗಿ ನೋಡಿದರು. ಅಜ್ಜಿ ಪಕ್ಕದ ಸೋಫಾದಲ್ಲಿದ್ದರು. ನಾನು ತಾಂಬೂಲದ ತಟ್ಟೆ ಹಿಡಿದು ಅಲ್ಲೇ ನಿಂತಿದ್ದೆ.

"ಅತ್ತೆ, ಎಲ್ರೂ ಕೂತಿದಾರೆ, ತಾತ ಒಬ್ರೇ ಯಾಕೆ ನಿಂತಿದಾರೆ?"

"ಮಾತಾಡ್ತಿದಾರೆ ಕಣೋ."

"ಓ! ಏನಂತ?"

"ಹೆಣ್ಮಕ್ಕಳ ಪಾಲಿನ ಬಗ್ಗೆ. ಏನಂತಾರೆ ಅಂತ ನಿನ್ನೇ ಕೇಳ್ಬೇಕು. ನಿಮ್ಮಪ್ಪಂಗೆ ಗೊತ್ತಿತ್ತಲ್ಲ."

ಅಂಕಲ್ ನಗಲು ಹೊರಟವರು ತಡೆದರು. ಅಜ್ಜಿಯ ಮುಖದಲ್ಲಿ ಕೋಪವಿರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದರು, ಅಷ್ಟೇ. ಅಂಕಲ್ ನಿಧಾನವಾಗಿ ಅವರ ಕಾಲ ಬಳಿ ಕಾರ್ಪೆಟ್ಟಿನ ಮೇಲೆ ಕುಳಿತರು.

"ಅಪ್ಪ ಹಾಗೆ ಹೇಳ್ತಿದ್ರು ಅತ್ತೆ. ನಾನು ಎಲ್ಲೂ ಓದಿಲ್ಲ. ಅಪ್ಪಂಗೂ ಯಾರಾದ್ರೂ ಹೇಳಿದ್ರೋ ಏನೋ, ಅದೂ ಗೊತ್ತಿಲ್ಲ."

"ನೀನು ಗೊತ್ತಿಲ್ಲ ಅಂದ್ಯಲ್ಲ," ಎಂದು ಅಜ್ಜಿ ಅವರ ತಲೆಯ ಮೇಲೆ ಕೈಯಿಟ್ಟರು. "ನಿಮ್ಮಪ್ಪನೂ ಗೊತ್ತಿಲ್ಲ ಅಂತ ಅಷ್ಟೇ ಅಂದಿದ್ರೂ ನಾನು ಸೈನ್ ಹಾಕ್ತಿದ್ದೆ ಕಣೋ."

ಅಂಕಲ್ ತುಂಬ ಹೊತ್ತು ಅಲ್ಲೇ ಕುಳಿತಿದ್ದರು. ಅನಿಕಾ ಬಂದು, ಊಟಕ್ಕೆ ಕರೆಯುತ್ತಿದ್ದಾರೆ ಎಂದು ಇಂಗ್ಲಿಷಿನಲ್ಲಿ ಹೇಳಿದ ಮೇಲೆ ಎದ್ದರು. ಆ ರಾತ್ರಿಯ ಡೈರಿಯಲ್ಲಿ ಈ ಮಾತುಗಳ ಹೊರತು ಬೇರೇನೂ ಇಲ್ಲ, ಅತಿಥಿಗಳ ಸಂಖ್ಯೆಯನ್ನೂ ಬರೆದಿಲ್ಲ.

ಇದಾಗಿ ನಾಲ್ಕು ವರ್ಷ. ನನಗೆ ಪ್ಲೇನೊದಲ್ಲಿ ಕೆಲಸ ಸಿಕ್ಕಿತು. ರಜೆಯಲ್ಲಿ ಊರಿಗೆ ಹೋದಾಗ ಎರಡು ಸಲ ಬೆಂಗಳೂರಿನಲ್ಲಿ ಆ ಸಂಪುಟ ಹುಡುಕಿದೆ. ಒಂದು ಕಡೆ ರಿಪೇರಿ ನಡೆಯುತ್ತಿದೆ ಎಂದರು, ಇನ್ನೊಂದು ಕಡೆ ಬರುವ ವಾರ ಬನ್ನಿ ಎಂದರು. ನನ್ನ ವಿಮಾನ ಆ ವಾರದೊಳಗಿತ್ತು. ರಘು ಅಂಕಲ್ ಕೂಡ ತಾವಾಗಿಯೇ ಯಾರ್ಯಾರಿಗೋ ಫೋನ್ ಮಾಡುತ್ತಿರುತ್ತಾರೆ. ಪ್ರಭಾ ಆಂಟಿಯೂ ಅವರೂ ಈಗ ಈ ವಿಷಯಕ್ಕಾಗಿಯೇ ಮಾತಾಡುವಂತಾಗಿದೆ, ಪ್ರತಿ ಸಲವೂ ಜಗಳದಲ್ಲಿ ಮುಗಿಯುತ್ತದಂತೆ. ಅಜ್ಜಿಗೆ ತೊಂಬತ್ತಮೂರು. ಯಾವ ಉತ್ತರ ಬಂದರೆ ಒಳ್ಳೆಯದು ಎಂದು ಅವರು ಒಮ್ಮೆಯೂ ಹೇಳಿಲ್ಲ, ಕೇಳುವ ಧೈರ್ಯ ನನಗೂ ಬಂದಿಲ್ಲ.

ಆದ್ದರಿಂದ ಓದುತ್ತಿರುವವರಲ್ಲಿ ಕೇಳುತ್ತಿದ್ದೇನೆ. ಮೈಸೂರಿನ ಪ್ರಜಾಪ್ರತಿನಿಧಿ ಸಭೆಯಲ್ಲಿ ಹೆಂಗಸರ ಹಕ್ಕಿನ ಮಸೂದೆ ಚರ್ಚೆಗೆ ಬಂದ ದಸರಾ ಅಧಿವೇಶನದ ನಡವಳಿ ಪೂರ್ತಿಯಾಗಿ ಎಲ್ಲಿದೆ ಎಂದು ಬಲ್ಲವರು, ಅಥವಾ ಆ ದಿನ ಅಲ್ಲಿ ಕುಳಿತಿದ್ದ ಹಿರಿಯರು ಹಿಂದೆ ಯಾರ ಮನೆಯಲ್ಲಾದರೂ ಇದ್ದು, ತುಮಕೂರು ಕಡೆಯ ಅಪ್ರಮೇಯಯ್ಯ ಎಂಬ ಸ್ವತಂತ್ರ ಸದಸ್ಯರು ಎದ್ದು ನಿಂತು ಏನೆಂದರು ಎಂದು ಅವರ ಬಾಯಲ್ಲಿ ಕೇಳಿದವರು, ದಯವಿಟ್ಟು ಈ ಸಂಚಿಕೆಯ ಸಂಪಾದಕರ ಮೂಲಕ ನನಗೆ ಬರೆಯಿರಿ. ಪರವೆಂದರೂ ಸರಿ, ವಿರೋಧವೆಂದರೂ ಸರಿ, ಅವರು ಅವತ್ತು ಬಾಯಿಯನ್ನೇ ತೆರೆಯಲಿಲ್ಲ ಎಂದಾದರೂ ಸರಿ. ಸ್ವಲ್ಪ ಬೇಗ ಬರೆಯಿರಿ.